ಮಿಕ್ಸರ್‌ಗೆ ಹಾಕಿದ ಬಿಟ್‌ಕಾಯಿನ್ ನಿಜಕ್ಕೂ ಕಣ್ಮರೆಯಾಗುತ್ತದಾ?

"ಬಿಟ್‌ಕಾಯಿನ್ ಆದ್ರೆ ಯಾರಿಗೂ ಗೊತ್ತಾಗಲ್ಲ" ಅನ್ನುವ ಮಾತನ್ನು ಚಿಕ್ಕಮಗಳೂರಿನಲ್ಲಿ ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ. ಕಾಲೇಜು ಹುಡುಗರು ಹೇಳುತ್ತಾರೆ, ಎಸ್ಟೇಟ್ ರೈಟರ್‌ಗಳು ಹೇಳುತ್ತಾರೆ, ಓದಿಕೊಂಡವರೂ ಹೇಳುತ್ತಾರೆ. 2021ರಲ್ಲಿ ರಾಜ್ಯದಲ್ಲಿ ಬಿಟ್‌ಕಾಯಿನ್ ಹಗರಣದ ಗದ್ದಲ ಎದ್ದ ಮೇಲಂತೂ ಈ ನಂಬಿಕೆ ಇನ್ನೂ ಗಟ್ಟಿಯಾಯಿತು. ಆದರೆ ವಿಷಯ ಪೂರ್ತಿ ಉಲ್ಟಾ. 2009ರ ಜನವರಿ 3ರಂದು ಬಿಟ್‌ಕಾಯಿನ್ ಶುರುವಾದಾಗಿನಿಂದ ಇವತ್ತಿನವರೆಗೆ ಬ್ಲಾಕ್‌ಚೈನ್ ಅನ್ನುವ ಬಹಿರಂಗ ದಾಖಲೆಯ ಮೇಲೆ ನಡೆದ ಒಂದೊಂದು ವರ್ಗಾವಣೆಯೂ ಎಲ್ಲರಿಗೂ ಕಾಣುವಂತೆ ದಾಖಲಾಗಿದೆ. ಅದನ್ನು ನೋಡಲು ಪಾಸ್‌ವರ್ಡ್ ಬೇಡ, ಕೋರ್ಟ್ ಆದೇಶ ಬೇಡ. ಮೊಬೈಲ್‌ನಲ್ಲಿ ಬ್ಲಾಕ್ ಎಕ್ಸ್‌ಪ್ಲೋರರ್ ಅನ್ನುವ ವೆಬ್‌ಸೈಟ್ ತೆರೆದು ಯಾವುದೇ ವಿಳಾಸ (ಖಾತೆ ಸಂಖ್ಯೆ ಇದ್ದ ಹಾಗೆ) ಹಾಕಿದರೆ ಸಾಕು. ಯಾವಾಗ ಬಂತು, ಎಷ್ಟು ಬಂತು, ಯಾವ ವಿಳಾಸಕ್ಕೆ ಹೋಯಿತು, ಈಗ ಎಷ್ಟು ಉಳಿದಿದೆ, ಎಲ್ಲ ಸಿಗುತ್ತದೆ. ಕಾಣದೆ ಇರುವುದು ಒಂದೇ, ಹೆಸರು.

ಹೆಸರಿಲ್ಲ ಅಂದ ಮಾತ್ರಕ್ಕೆ ಗುಟ್ಟು ಉಳಿಯುತ್ತದೆ ಅಂತಲ್ಲ. ಅದಕ್ಕೇ ಹಲವರ ನಾಣ್ಯಗಳನ್ನು ಬೆರೆಸಿ ಜಾಡು ಮರೆಸುವ ಮಿಕ್ಸರ್ ಅನ್ನುವ ಸೇವೆಗಳು ಹುಟ್ಟಿಕೊಂಡವು. ಅವುಗಳ ವಿಷಯಕ್ಕೆ ಬರುವ ಮೊದಲು ಒಂದು ವರ್ಗಾವಣೆಯನ್ನು ಬಿಡಿಸಿ ನೋಡೋಣ, ಆಗ ಅರ್ಥವಾಗುತ್ತದೆ.

ನಿಮಗೆ ಮೂರು ಬೇರೆ ಬೇರೆ ದಿನ, ಮೂರು ಬೇರೆ ವಿಳಾಸಗಳಿಗೆ ಬಿಟ್‌ಕಾಯಿನ್ ಬಂದಿದೆ ಅಂದುಕೊಳ್ಳಿ: 0.02, 0.015 ಮತ್ತು 0.03. ಬ್ಯಾಂಕ್ ಖಾತೆಯಲ್ಲಾದರೆ ಮೂರೂ ಕೂಡಿ ಒಂದೇ ಮೊತ್ತ ಆಗಿಬಿಡುತ್ತಿತ್ತು. ಇಲ್ಲಿ ಹಾಗಲ್ಲ, ಬಂದ ಹಾಗೇ ಮೂರು ತುಂಡುಗಳಾಗಿ ಉಳಿಯುತ್ತವೆ. ಈಗ ಯಾರಿಗೋ 0.06 ಕೊಡಬೇಕು. ಯಾವ ಒಂದು ತುಂಡೂ ಸಾಲುವುದಿಲ್ಲ. ಹಾಗಾಗಿ ನಿಮ್ಮ ವ್ಯಾಲೆಟ್ ಆ್ಯಪ್ ಮೂರನ್ನೂ ಒಟ್ಟಿಗೆ ಖರ್ಚು ಮಾಡುತ್ತದೆ. ಒಟ್ಟು 0.065. ಅದರಲ್ಲಿ 0.06 ಅವರಿಗೆ ಹೋಗುತ್ತದೆ. ಸುಮಾರು 0.0049 ಚಿಲ್ಲರೆಯಾಗಿ ನಿಮ್ಮದೇ ಇನ್ನೊಂದು ಹೊಸ ವಿಳಾಸಕ್ಕೆ ವಾಪಸ್ ಬರುತ್ತದೆ. ಉಳಿದ ಚೂರು, ವರ್ಗಾವಣೆಗಳನ್ನು ದಾಖಲಿಸುವ ಮೈನರ್‌ಗಳ ಶುಲ್ಕ.

ಹೊರಗಿನಿಂದ ನೋಡುವವನಿಗೆ ಇದರಲ್ಲಿ ಏನೇನು ತಿಳಿಯಿತು? ಮೂರು ವಿಳಾಸಗಳಿಂದ ಒಂದೇ ಏಟಿಗೆ ದುಡ್ಡು ಹೊರಟಿದೆ. ಹಾಗಾದರೆ ಮೂರರ ಕೀಲಿಯೂ, ಅಂದರೆ ಖರ್ಚು ಮಾಡಲು ಬೇಕಾದ ಗುಪ್ತ ಕೋಡ್, ಒಬ್ಬನ ಕೈಯಲ್ಲೇ ಇರಬೇಕು. ಹೊರಬಂದ ಎರಡು ಮೊತ್ತಗಳಲ್ಲಿ 0.06 ನೋಡಿದರೇ ಬೆಲೆ ಅನ್ನಿಸುತ್ತದೆ, 0.0049 ಚಿಲ್ಲರೆ ಅನ್ನಿಸುತ್ತದೆ. ಅಲ್ಲಿಗೆ ನಿಮ್ಮ ನಾಲ್ಕು ವಿಳಾಸಗಳು ಒಂದೇ ಗಂಟಿಗೆ ಸೇರಿದವು. ಮುಂದಿನ ಖರ್ಚಿನಲ್ಲಿ ಇನ್ನೆರಡು ಸೇರುತ್ತವೆ. ಈ ದೌರ್ಬಲ್ಯವನ್ನು ಬಿಟ್‌ಕಾಯಿನ್ ಹುಟ್ಟುಹಾಕಿದ ಸತೋಶಿ ನಕಮೊಟೊ 2008ರ ಮೂಲ ಪ್ರಬಂಧದಲ್ಲೇ ಒಪ್ಪಿಕೊಂಡಿದ್ದಾರೆ. 2013ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾರಾ ಮೈಕಲ್‌ಜಾನ್ ಮತ್ತು ಜೊತೆಗಾರರು ಇದನ್ನು ಮಾಡಿಯೇ ತೋರಿಸಿದರು. ಬಿಟ್‌ಕಾಯಿನ್ ಕೊಂಡು ಮಾರುವ ಎಕ್ಸ್‌ಚೇಂಜ್‌ಗಳ ಜೊತೆ, ಅಂಗಡಿಗಳ ಜೊತೆ ತಾವೇ ವ್ಯವಹಾರ ಮಾಡಿದರು. ಯಾವ ಗಂಟು ಯಾರದ್ದು ಅಂತ ಹೆಸರು ಅಂಟಿಸುತ್ತಾ ಹೋದರು. ಇವತ್ತು ಇದೇ ಕೆಲಸವನ್ನು ದೊಡ್ಡ ದೊಡ್ಡ ಕಂಪನಿಗಳು ಮಾಡುತ್ತವೆ, ಪೊಲೀಸರು ಅವುಗಳ ಸಾಫ್ಟ್‌ವೇರ್ ಬಳಸುತ್ತಾರೆ. ಗಂಟಿನ ಒಂದೇ ಒಂದು ವಿಳಾಸ ಎಕ್ಸ್‌ಚೇಂಜ್ ಮುಟ್ಟಿದ್ದರೂ ಸಾಕು. ಅಲ್ಲಿ ನಿಮ್ಮ ಪ್ಯಾನ್ ಇದೆ, ಆಧಾರ್ ಇದೆ, ಸೆಲ್ಫಿ ಇದೆ.

ಇಷ್ಟು ಕೇಳಿದ ಮೇಲೆ "ಕಳ್ಳರು ಸಿಕ್ಕಿಬೀಳಲಿ ಬಿಡಿ, ನಮಗೇನು" ಅನ್ನಿಸಬಹುದು. ನನ್ನ ಚಿಂತೆ ಕಳ್ಳರದ್ದಲ್ಲ. ಆಲ್ದೂರು ಕಡೆಯ ಪರಿಚಯದ ಹುಡುಗನೊಬ್ಬ ಮನೆಯಲ್ಲೇ ಕೂತು ಹೊರದೇಶದವರಿಗೆ ವೆಬ್‌ಸೈಟ್ ಮಾಡಿಕೊಡುತ್ತಾನೆ. ಅವರಲ್ಲಿ ಕೆಲವರು ಡಾಲರ್ ಬೆಲೆಗೆ ಕಟ್ಟಿದ ಯುಎಸ್‌ಡಿಟಿ ಅನ್ನುವ ಕ್ರಿಪ್ಟೋ ನಾಣ್ಯದಲ್ಲಿ ದುಡ್ಡು ಕಳಿಸುತ್ತಾರೆ. ಒಂದು ದಿನ ಬಂದು, "ಅಣ್ಣಾ, ಹೊಸ ಗಿರಾಕಿ ರೇಟು ಚೌಕಾಸಿ ಮಾಡ್ತಾ, ಹಳೇ ಗಿರಾಕಿ ತಿಂಗಳಿಗೆ ಎಷ್ಟು ಕೊಡ್ತಾನೆ ಅಂತ ಸರಿಯಾಗಿ ಹೇಳಿಬಿಟ್ಟ. ಅವನಿಗೆ ಹೇಗೆ ಗೊತ್ತಾಯ್ತು?" ಅಂದ. ಫೋನ್ ಇಸ್ಕೊಂಡು ನೋಡಿದೆ. ಟಿ ಅಕ್ಷರದಿಂದ ಶುರುವಾಗುವ ಟ್ರಾನ್ ಅನ್ನುವ ಬ್ಲಾಕ್‌ಚೈನ್‌ನ ಒಂದೇ ವಿಳಾಸವನ್ನು ಇಬ್ಬರಿಗೂ ಕೊಟ್ಟಿದ್ದ. ಎಕ್ಸ್‌ಪ್ಲೋರರ್‌ನಲ್ಲಿ ಆ ವಿಳಾಸ ಹಾಕಿದೆ. ತಿಂಗಳ ಮೊದಲ ವಾರ ಬರುವ ಅದೇ ಮೊತ್ತ ಸಾಲಾಗಿ ಕಾಣುತ್ತಿತ್ತು. ಕೆಳಗೆ ಉಳಿಕೆ ಎಷ್ಟು ಅನ್ನುವುದೂ ಇತ್ತು. ಹುಡುಗನ ಮುಖ ಸಪ್ಪಗಾಯಿತು.

ಅವನೇನು ತಪ್ಪು ಮಾಡಿರಲಿಲ್ಲ. ತನ್ನ ಸಂಪಾದನೆ ಊರಿಗೆಲ್ಲ ಗೊತ್ತಾಗುವುದು ಬೇಡ ಅನ್ನಿಸುವುದು ಮನುಷ್ಯ ಸಹಜ. ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ಫೋನ್‌ಪೇ ಮಾಡಿದರೆ ಅಂಗಡಿಯವರಿಗೆ ನೀವು ಕೊಟ್ಟ ದುಡ್ಡು ಕಾಣುತ್ತದೆಯೇ ಹೊರತು ನಿಮ್ಮ ಪಾಸ್‌ಬುಕ್ ಕಾಣುವುದಿಲ್ಲ, ಅಲ್ವಾ? ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ದುಡ್ಡಿನ ವಿಷಯದಲ್ಲಿ ಖಾಸಗಿತನ ಕೇಳುವವರೆಲ್ಲ ಕಳ್ಳರು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮಿಕ್ಸರ್ ಬಗ್ಗೆ ಮಾತಾಡುವಾಗ ಇದನ್ನು ಮೊದಲೇ ಹೇಳಿಬಿಡಬೇಕು.

ಮಿಕ್ಸರ್ ಮಾಡುವ ಕೆಲಸ ನಮ್ಮ ಕಡೆಯ ಹಿರಿಯ ಬೆಳೆಗಾರರಿಗೆ ಬೇಗ ಹೊಳೆಯುತ್ತದೆ. 90ರ ದಶಕದ ನಡುವಿನವರೆಗೂ ಕಾಫಿ ಬೆಳೆದವರು ಅದನ್ನು ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕಿತ್ತು. ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಹೋದ ನಿಮ್ಮ ಮೂಟೆ ನಾಲ್ಕು ತೋಟದವರ ಮೂಟೆಯ ಜೊತೆ ಬೆರೆಯುತ್ತಿತ್ತು. ಆಮೇಲೆ ನಿಮಗೆ ಬರುತ್ತಿದ್ದ ದುಡ್ಡು ನಿಮ್ಮದೇ ಕಾಫಿ ಮಾರಿದ ದುಡ್ಡು ಅಂತ ಯಾರೂ ಬೊಟ್ಟು ಮಾಡಿ ತೋರಿಸುವಂತಿರಲಿಲ್ಲ. ಎಲ್ಲರದ್ದೂ ಸೇರಿದ ರಾಶಿಯಿಂದ ನಿಮ್ಮ ಪಾಲು ಬರುತ್ತಿತ್ತು. ಮಿಕ್ಸರ್ ಕೂಡ ಹೀಗೇ. ನೀವು 1 ಬಿಟ್‌ಕಾಯಿನ್ ಹಾಕುತ್ತೀರಿ, ಬೇರೆಯವರೂ ಹಾಕುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಕಮಿಷನ್ ಮುರಿದುಕೊಂಡು, ಬೇರೆ ಯಾರೋ ಹಾಕಿದ್ದ ಬಿಟ್‌ಕಾಯಿನ್ ನಿಮ್ಮ ಹೊಸ ವಿಳಾಸಕ್ಕೆ ಬರುತ್ತದೆ. ಹಳೆಯ ವಿಳಾಸಕ್ಕೂ ಹೊಸದಕ್ಕೂ ನೇರ ದಾರಿ ಇರುವುದಿಲ್ಲ.

ಪೂಲ್ ನೋಡಿದವರಿಗೆ ಇನ್ನೊಂದು ಮಾತೂ ಗೊತ್ತಿರುತ್ತದೆ. ರಾಶಿ ಬೆರೆತರೂ ಲೆಕ್ಕದ ಪುಸ್ತಕ ಬೆರೆಯುತ್ತಿರಲಿಲ್ಲ. ಯಾರು ಎಷ್ಟು ತಂದರು, ಯಾರಿಗೆ ಎಷ್ಟು ಪಾಲಿನ ಪಾಯಿಂಟ್ ಅನ್ನುವುದು ಬರೆದಿರುತ್ತಿತ್ತು. ಮೊದಲ ತಲೆಮಾರಿನ ಮಿಕ್ಸರ್‌ಗಳ ದೊಡ್ಡ ತೂತು ಇದೇ. ನಡೆಸುವವನಿಗೆ ಎಲ್ಲ ಗೊತ್ತಿರುತ್ತದೆ. ಅವನು ದುಡ್ಡು ನುಂಗಿಹಾಕಬಹುದು, ಯಾರಲ್ಲಿ ದೂರು ಕೊಡುತ್ತೀರಿ? "ಲಾಗ್ ಇಡಲ್ಲ" ಅಂತ ಬೋರ್ಡ್ ಹಾಕಿಕೊಂಡು ಇಟ್ಟಿರಬಹುದು. ಇಲ್ಲವೇ ಒಂದು ದಿನ ಅವನ ಸರ್ವರ್ ಪೊಲೀಸರ ಕೈಗೆ ಹೋಗಬಹುದು. ಬೆಸ್ಟ್‌ಮಿಕ್ಸರ್ ಅನ್ನುವ ಸೇವೆಗೆ ಆದದ್ದು ಅದೇ. 2019ರ ಮೇ ತಿಂಗಳಲ್ಲಿ ನೆದರ್ಲೆಂಡ್ಸ್‌ನ ತನಿಖಾ ಸಂಸ್ಥೆ ಯುರೋಪೋಲ್ ಜೊತೆ ಸೇರಿ ಅದನ್ನು ಮುಚ್ಚಿಸಿತು. ಅಷ್ಟರಲ್ಲಿ ಅದರೊಳಗೆ ಒಂದು ವರ್ಷ ನಡೆದ ವ್ಯವಹಾರದ ಮಾಹಿತಿ ಅವರ ಹತ್ತಿರ ಸೇರಿಹೋಗಿತ್ತು. ಬಿಟ್‌ಕಾಯಿನ್ ವಿಳಾಸ, ಐಪಿ ವಿಳಾಸ, ಚಾಟ್ ಸಂದೇಶ, ಎಲ್ಲ. 2011ರಲ್ಲಿ ಶುರುವಾಗಿ 12 ಲಕ್ಷಕ್ಕೂ ಜಾಸ್ತಿ ಬಿಟ್‌ಕಾಯಿನ್ ಹರಿದ ಬಿಟ್‌ಕಾಯಿನ್ ಫಾಗ್ ಮಿಕ್ಸರ್ ಪ್ರಕರಣದಲ್ಲಿ, ಅದನ್ನು ನಡೆಸಿದ ರೋಮನ್ ಸ್ಟರ್ಲಿಂಗೋವ್‌ಗೆ 2024ರ ನವೆಂಬರ್‌ನಲ್ಲಿ ಅಮೆರಿಕದ ಕೋರ್ಟ್ 12 ವರ್ಷ 6 ತಿಂಗಳ ಜೈಲು ಕೊಟ್ಟಿತು. ಅವನ ಜಾಡು ಹಿಡಿಯಲು ತನಿಖೆಯವರು ತಿರುವಿ ಹಾಕಿದ್ದು 2011ರ ಹಳೆಯ ವರ್ಗಾವಣೆಗಳನ್ನು. ಬ್ಲಾಕ್‌ಚೈನ್‌ನಲ್ಲಿ ಹಳೆಯದು ಅನ್ನುವುದೇ ಇಲ್ಲ, ಎಲ್ಲ ಹಾಗೇ ಕೂತಿರುತ್ತದೆ.

ಹಾಗಾದರೆ ನಡುವೆ ಯಾರನ್ನೂ ನಂಬದೆ ಬೆರೆಸಲು ಆಗುತ್ತದಾ? ಈ ಪ್ರಶ್ನೆಗೆ ಎರಡು ಒಳ್ಳೆಯ ಉತ್ತರ ಬಂದವು.

ಒಂದು, ಕಾಯಿನ್‌ಜಾಯಿನ್. ಬಿಟ್‌ಕಾಯಿನ್ ಡೆವಲಪರ್ ಗ್ರೆಗರಿ ಮ್ಯಾಕ್ಸ್‌ವೆಲ್ 2013ರಲ್ಲಿ ಮುಂದಿಟ್ಟ ಉಪಾಯ. ಐದು ಜನ ಅಪರಿಚಿತರು ಸೇರಿ ಒಂದೇ ವರ್ಗಾವಣೆ ಬರೆಯುತ್ತಾರೆ. ಐದು ಕಡೆಯಿಂದ ದುಡ್ಡು ಒಳಗೆ ಬರುತ್ತದೆ, ಸರಿಯಾಗಿ 0.1ರಂತೆ ಐದು ಹೊಸ ವಿಳಾಸಗಳಿಗೆ ಹೊರಗೆ ಹೋಗುತ್ತದೆ. ತನ್ನ ಪಾಲು ಸರಿಯಾಗಿದೆ ಅಂತ ನೋಡಿದ ಮೇಲೇ ಒಬ್ಬೊಬ್ಬರೂ ಸಹಿ ಹಾಕುತ್ತಾರೆ. ಒಬ್ಬರ ಸಹಿ ಇಲ್ಲದಿದ್ದರೂ ವರ್ಗಾವಣೆ ನಡೆಯುವುದಿಲ್ಲ. ಹಾಗಾಗಿ ಯಾರೂ ಯಾರದ್ದನ್ನೂ ಕದಿಯಲಾರರು. ಹೊರಬಂದ ಐದು 0.1ರಲ್ಲಿ ಯಾವುದು ಯಾರದ್ದು ಅಂತ ಹೊರಗಿನವನಿಗೆ ತಿಳಿಯುವುದಿಲ್ಲ. ಮೇಲೆ ನೋಡಿದ "ಮೂರೂ ಒಬ್ಬನದ್ದೇ" ಅನ್ನುವ ಊಹೆಯೂ ಇಲ್ಲಿ ಸುಳ್ಳಾಗುತ್ತದೆ. ಎಲ್ಲರದ್ದೂ ಒಂದೇ ಮೊತ್ತ ಆಗಿರಬೇಕು ಅನ್ನುವುದೇ ಇಲ್ಲಿ ಮುಖ್ಯ. ಪೂಲ್‌ಗೆ 37 ಮೂಟೆ ಹಾಕಿದವರು ಒಬ್ಬರೇ ಇದ್ದು, 37 ಮೂಟೆಯ ದುಡ್ಡು ಪಡೆದವರೂ ಒಬ್ಬರೇ ಆದರೆ ಬೆರೆಸಿದ್ದರಿಂದ ಏನು ಬಂತು? ಅದೇ ರೀತಿ 0.13 ಹಾಕಿದವನಿಗೆ 0.1 ಹೋಗಿ ಉಳಿಯುವ 0.03 ಚಿಲ್ಲರೆ ಬೆರೆಯುವುದೇ ಇಲ್ಲ. ಅದು ಅವನ ಹಳೆಯ ವಿಳಾಸಕ್ಕೆ ಅಂಟಿಕೊಂಡೇ ಇರುತ್ತದೆ. ಆಮೇಲೆ ಆ ಚಿಲ್ಲರೆಯನ್ನೂ ಬೆರೆತ 0.1ನ್ನೂ ಒಟ್ಟಿಗೆ ಖರ್ಚು ಮಾಡಿದರೆ ಪಟ್ಟ ಪಾಡೆಲ್ಲ ನೀರುಪಾಲು.

ಎರಡನೆಯದು 2019ರಲ್ಲಿ ಇಥೀರಿಯಂ ಅನ್ನುವ ಇನ್ನೊಂದು ಬ್ಲಾಕ್‌ಚೈನ್ ಮೇಲೆ ಬಂದ ಟೊರ್ನಾಡೋ ಕ್ಯಾಶ್. ನನ್ನ ಮಟ್ಟಿಗೆ ಇದರ ಒಳಗಿನ ಗಣಿತ ಈ ಕಾಲದ ಅತ್ಯಂತ ಚೆಂದದ ಕೆಲಸಗಳಲ್ಲಿ ಒಂದು. ಇಲ್ಲಿ ದುಡ್ಡು ಕಾಯುವವನು ಮನುಷ್ಯನಲ್ಲ. ಬ್ಲಾಕ್‌ಚೈನ್ ಮೇಲೆ ತಾನೇ ಓಡುವ ಪ್ರೋಗ್ರಾಂ ಅದು. 0.1, 1, 10, 100 ಈಥರ್ (ಇಥೀರಿಯಂನ ನಾಣ್ಯ), ಹೀಗೆ ನಿಗದಿ ಮೊತ್ತದ ಬೇರೆ ಬೇರೆ ಪೂಲ್‌ಗಳು. ನೀವು 10 ಈಥರ್ ಹಾಕುವಾಗ ನಿಮ್ಮ ಕಂಪ್ಯೂಟರ್ ಒಂದು ರಹಸ್ಯ ಸಂಖ್ಯೆ ಹುಟ್ಟಿಸುತ್ತದೆ. ಆ ಸಂಖ್ಯೆ ನಿಮ್ಮ ಹತ್ತಿರವೇ ಉಳಿಯುತ್ತದೆ. ಪ್ರೋಗ್ರಾಂಗೆ ಕೊಡುವುದು ಅದರಿಂದ ಲೆಕ್ಕ ಹಾಕಿದ ಒಂದು ಗುರುತನ್ನು ಮಾತ್ರ. ಗುರುತು ನೋಡಿ ಸಂಖ್ಯೆ ಹೇಳಲು ಯಾರಿಗೂ ಆಗುವುದಿಲ್ಲ. ಗುರುತುಗಳು ಒಂದು ದೊಡ್ಡ ಪಟ್ಟಿಗೆ ಸೇರುತ್ತಾ ಹೋಗುತ್ತವೆ.

ತಿಂಗಳಾದ ಮೇಲೆ ಬೇರೆ ವಿಳಾಸದಿಂದ ಬಂದು ದುಡ್ಡು ಕೇಳುತ್ತೀರಿ. ಆಗ ನೀವು ತೋರಿಸಬೇಕಾದದ್ದು ಇಷ್ಟೇ: "ಈ ಪಟ್ಟಿಯಲ್ಲಿರುವ ಯಾವುದೋ ಒಂದು ಗುರುತಿನ ರಹಸ್ಯ ಸಂಖ್ಯೆ ನನಗೆ ಗೊತ್ತು." ಯಾವ ಗುರುತು ಅಂತ ಹೇಳುವ ಹಾಗಿಲ್ಲ, ಸಂಖ್ಯೆ ತೋರಿಸುವ ಹಾಗೂ ಇಲ್ಲ. ಆದರೂ ಮಾತು ನಿಜ ಅಂತ ಸಾಬೀತಾಗಬೇಕು. ಝೀರೋ ನಾಲೆಜ್ ಪ್ರೂಫ್ ಅನ್ನುವ ಗಣಿತ ಇದನ್ನು ಸಾಧ್ಯ ಮಾಡುತ್ತದೆ. ಒಂದೇ ಸಂಖ್ಯೆಯಿಂದ ಎರಡು ಸಲ ದುಡ್ಡು ತೆಗೆಯದಂತೆ ಇನ್ನೊಂದು ಒಂಟಿ ಗುರುತು ಹೊರಬೀಳುತ್ತದೆ. ಅದು ಮೊದಲನೆಯ ಗುರುತಿಗೆ ತಾಳೆ ಆಗುವುದಿಲ್ಲ. ಇಲ್ಲಿ ಲೆಕ್ಕದ ಪುಸ್ತಕ ಇಟ್ಟವರೇ ಇಲ್ಲ, ಹಾಗಾಗಿ ಜಪ್ತಿ ಮಾಡಲು ಪುಸ್ತಕವೂ ಇಲ್ಲ.

ಇಷ್ಟೆಲ್ಲ ಇದ್ದೂ ಜನ ಸಿಕ್ಕಿಬೀಳುತ್ತಾರೆ. ಗಣಿತ ಗಟ್ಟಿ, ಬಳಸುವ ಕೈ ಸಡಿಲ. ಬೆಳಿಗ್ಗೆ 10 ಈಥರ್‌ನಂತೆ ಏಳು ಸಲ ಹಾಕಿ ಸಂಜೆಯೇ ಏಳು ಸಲ ತೆಗೆದರೆ ಊಹಿಸಲು ಸಾಫ್ಟ್‌ವೇರ್ ಕೂಡ ಬೇಡ. ಹಾಕಿದ ವಿಳಾಸಕ್ಕೇ ವಾಪಸ್ ತೆಗೆದವರಿದ್ದಾರೆ. ತೆಗೆದದ್ದನ್ನೆಲ್ಲ ಒಂದೇ ಎಕ್ಸ್‌ಚೇಂಜ್ ಖಾತೆಗೆ ತಂದು ಸುರಿದವರಿದ್ದಾರೆ. ಆ ಪೂಲ್‌ನಲ್ಲಿ ಆ ವಾರ ಮೂರೇ ಜನ ಇದ್ದರೆ ನೀವು ಮೂವರಲ್ಲಿ ಒಬ್ಬರು, ಅಷ್ಟೇ. ಖಾಸಗಿತನ ಅನ್ನುವುದು ಜೊತೆಗೆ ಎಷ್ಟು ಜನ ಇದ್ದಾರೆ ಅನ್ನುವುದರ ಮೇಲೆ ನಿಂತಿರುತ್ತದೆ. ಸಾವಿರ ಜನರ ನಡುವೆ ಕೂಡ ಒಂದೇ ಸಲ ತಪ್ಪಿದರೂ ಆ ತಪ್ಪು ಬ್ಲಾಕ್‌ಚೈನ್‌ನಲ್ಲಿ ಶಾಶ್ವತವಾಗಿ ಉಳಿಯುತ್ತದೆ.

2016ರ ಆಗಸ್ಟ್‌ನಲ್ಲಿ ಬಿಟ್‌ಫಿನೆಕ್ಸ್ ಎಕ್ಸ್‌ಚೇಂಜ್‌ನಿಂದ 1,19,754 ಬಿಟ್‌ಕಾಯಿನ್ ಕದ್ದವನು ಮಿಕ್ಸರ್ ಬಳಸಿದ್ದ, ಇಂಟರ್ನೆಟ್‌ನ ಕಳ್ಳಸಂತೆಯಾದ ಡಾರ್ಕ್‌ನೆಟ್ ಮಾರುಕಟ್ಟೆ ಸುತ್ತಿಸಿದ್ದ, ಸುಳ್ಳು ಹೆಸರಿನ ಖಾತೆಗಳನ್ನು ತೆರೆದಿದ್ದ. ಐದೂವರೆ ವರ್ಷ ಕಳೆದು 2022ರ ಫೆಬ್ರವರಿಯಲ್ಲಿ ಅಮೆರಿಕದ ತನಿಖೆಯವರು ಸುಮಾರು 94,000 ಬಿಟ್‌ಕಾಯಿನ್ ಜಪ್ತಿ ಮಾಡಿದರು. ವಿಳಾಸಗಳ ಕೀಲಿ ಸಿಕ್ಕಿದ್ದು ಅವನ ಕ್ಲೌಡ್ ಖಾತೆಯ ಒಂದು ಫೈಲ್‌ನಲ್ಲಿ.

ಇನ್ನು ಈ ಪೂಲ್‌ಗಳಲ್ಲಿ ಯಾರ ದುಡ್ಡು ಬೆರೆಯುತ್ತದೆ ಅನ್ನುವ ಪ್ರಶ್ನೆ. ಇದನ್ನು ಮುಚ್ಚಿಟ್ಟು ಮಿಕ್ಸರ್ ಪರ ವಾದ ಮಾಡಲು ಆಗುವುದಿಲ್ಲ. 2022ರ ಮಾರ್ಚ್‌ನಲ್ಲಿ ಆಕ್ಸಿ ಇನ್ಫಿನಿಟಿ ಆಟದ, ಬ್ಲಾಕ್‌ಚೈನ್‌ಗಳ ನಡುವೆ ದುಡ್ಡು ದಾಟಿಸುವ ರೋನಿನ್ ಬ್ರಿಡ್ಜ್‌ನಿಂದ ಸುಮಾರು 62 ಕೋಟಿ ಡಾಲರ್ ಕಳುವಾಯಿತು. ಕದ್ದವರು ಉತ್ತರ ಕೊರಿಯಾದ ಲಜಾರಸ್ ಗುಂಪು ಅಂತ ಅಮೆರಿಕ ಹೇಳಿತು. ಆ ದುಡ್ಡು ಬೆರೆಸಲು ನೆರವಾದವು ಅಂತ ಅದೇ ವರ್ಷ ಮೇ ತಿಂಗಳಲ್ಲಿ ಬ್ಲೆಂಡರ್ ಅನ್ನುವ ಮಿಕ್ಸರ್ ಮೇಲೆ, ಆಗಸ್ಟ್ 8ರಂದು ಟೊರ್ನಾಡೋ ಕ್ಯಾಶ್ ಮೇಲೆ ಅಮೆರಿಕದ ಖಜಾನೆ ಇಲಾಖೆ ನಿರ್ಬಂಧ ಹೇರಿತು. ನಮ್ಮ ದೇಶಕ್ಕೂ ಬಿಸಿ ತಟ್ಟಿತು. 2024ರ ಜುಲೈ 18ರಂದು ಭಾರತದ ಎಕ್ಸ್‌ಚೇಂಜ್ ವಜೀರ್‌ಎಕ್ಸ್‌ನಿಂದ 23 ಕೋಟಿ ಡಾಲರ್‌ಗೂ ಜಾಸ್ತಿ ಹೋಯಿತು, ಅಂದರೆ ಸುಮಾರು 2,000 ಕೋಟಿ ರೂಪಾಯಿ. ಕದ್ದ ಈಥರ್ ಕಂತು ಕಂತಾಗಿ ಟೊರ್ನಾಡೋ ಕ್ಯಾಶ್‌ಗೆ ಹೋಗುವುದನ್ನು ಎಲ್ಲರೂ ಎಕ್ಸ್‌ಪ್ಲೋರರ್‌ನಲ್ಲಿ ನೋಡುತ್ತಿದ್ದರು, ತಡೆಯಲು ಯಾರಿಗೂ ಆಗಲಿಲ್ಲ. ಇದನ್ನೂ ಉತ್ತರ ಕೊರಿಯಾದವರೇ ಮಾಡಿದ್ದು ಅಂತ ಅಮೆರಿಕ, ಜಪಾನ್ ಮತ್ತು ದಕ್ಷಿಣ ಕೊರಿಯಾ 2025ರ ಜನವರಿಯಲ್ಲಿ ಒಟ್ಟಾಗಿ ಹೇಳಿದವು.

ತಾನಾಗಿ ಓಡುವ ಪ್ರೋಗ್ರಾಂಗೆ ನಿರ್ಬಂಧ ಹಾಕುವುದು ಹೇಗೆ ಅನ್ನುವುದೇ ದೊಡ್ಡ ಜಗಳವಾಯಿತು. ಯಾರೂ ಬದಲಿಸಲಾಗದ, ಯಾರ ಒಡೆತನವೂ ಅಲ್ಲದ ಪ್ರೋಗ್ರಾಂ ಯಾರ ಆಸ್ತಿಯೂ ಅಲ್ಲ, ಅದರ ಮೇಲೆ ಈ ನಿರ್ಬಂಧ ನಿಲ್ಲುವುದಿಲ್ಲ ಅಂತ 2024ರ ನವೆಂಬರ್‌ನಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟ್ ಹೇಳಿತು. 2025ರ ಮಾರ್ಚ್‌ನಲ್ಲಿ ನಿರ್ಬಂಧ ತೆಗೆದರು. ಆದರೆ ಟೊರ್ನಾಡೋ ಕ್ಯಾಶ್ ಬರೆದವರನ್ನು ಬಿಡಲಿಲ್ಲ. ಅಲೆಕ್ಸಿ ಪೆರ್ಟ್ಸೆವ್‌ಗೆ ನೆದರ್ಲೆಂಡ್ಸ್ ಕೋರ್ಟ್ 2024ರ ಮೇ ತಿಂಗಳಲ್ಲಿ 64 ತಿಂಗಳ ಶಿಕ್ಷೆ ಕೊಟ್ಟಿತು, ಅವರು ಮೇಲ್ಮನವಿ ಹೋದರು. ರೋಮನ್ ಸ್ಟಾರ್ಮ್ ಲೈಸೆನ್ಸ್ ಇಲ್ಲದೆ ಹಣ ರವಾನೆ ನಡೆಸುವ ಸಂಚಿನಲ್ಲಿ ಇದ್ದರು ಅಂತ 2025ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನ ಜ್ಯೂರಿ ತೀರ್ಮಾನಿಸಿತು. ಅಕ್ರಮ ಹಣ ಸಕ್ರಮ ಮಾಡಿದ ಆರೋಪದ ಮೇಲೆ ಜ್ಯೂರಿಗೆ ಒಮ್ಮತ ಬರಲಿಲ್ಲ. ಕಾಯಿನ್‌ಜಾಯಿನ್ ಕಡೆಯ ಸಮುರಾಯ್ ವ್ಯಾಲೆಟ್ ಕಟ್ಟಿದ ಇಬ್ಬರೂ ಜೈಲು ಶಿಕ್ಷೆಗೆ ಒಳಗಾದರು. ಕದ್ದ ದುಡ್ಡಿನ ಜೊತೆ ಕೈಜೋಡಿಸಿದವರಿಗೆ ಶಿಕ್ಷೆ ಆಗಲೇಬೇಕು. ಸುಮ್ನೆ ಕೋಡ್ ಬರೆದು ಬಿಟ್ಟದ್ದೇ ಅಪರಾಧ ಅನ್ನುವಲ್ಲಿಗೆ ಇದು ಹೋಗಬಾರದು ಅನ್ನುವುದು ನನ್ನ ಅಭಿಪ್ರಾಯ.

ನಮ್ಮಲ್ಲಿ ಕಾನೂನು ಬೇರೆ ದಾರಿಯಿಂದ ಬರುತ್ತದೆ. 2023ರ ಮಾರ್ಚ್ 7ರಂದು ಕ್ರಿಪ್ಟೋ ವ್ಯವಹಾರ ನಡೆಸುವ ಸಂಸ್ಥೆಗಳನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಕೆಳಗೆ ತಂದರು. ಎಕ್ಸ್‌ಚೇಂಜ್‌ಗಳು ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಳ್ಳಬೇಕು, ಅನುಮಾನದ ವ್ಯವಹಾರ ವರದಿ ಮಾಡಬೇಕು. ಮಿಕ್ಸರ್‌ನಿಂದ ಬಂದ ದುಡ್ಡು ಅನುಮಾನದ ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿರುತ್ತದೆ. ಲಾಭದ ಮೇಲೆ 30% ತೆರಿಗೆ, ಮಾರಾಟದ ಮೇಲೆ 1% ಟಿಡಿಎಸ್ 2022ರಿಂದಲೇ ಇದೆ. ಮಿಕ್ಸರ್ ಬಳಸಿದವರು ಈ ಲೆಕ್ಕ ಕೊಡಬೇಕಾದಾಗ ತಮ್ಮದೇ ದುಡ್ಡಿನ ಮೂಲ ತೋರಿಸಲಾಗದೆ ಒದ್ದಾಡುತ್ತಾರೆ. ಬೆರೆತು ಬಂದ ನಾಣ್ಯದ ಹಿಂದೆ ಯಾರ ಕಳ್ಳತನ ಇದೆಯೋ ಅದಕ್ಕೆ ಉತ್ತರ ಕೊಡಬೇಕಾದವರು ನೀವು.

ಹಾಗಾಗಿ ಆಲ್ದೂರಿನ ಹುಡುಗನಿಗೆ ನಾನು ಮಿಕ್ಸರ್ ಬೇಡ ಅಂದೆ. ಅವನಿಗೆ ಬೇಕಿದ್ದದ್ದು ಇನ್ನೂ ಸುಲಭದ್ದು. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಬೇರೆ ವಿಳಾಸ. ಅವುಗಳ ದುಡ್ಡನ್ನು ತನ್ನ ಒಂದೇ ವಿಳಾಸದಲ್ಲಿ ಕೂಡಿಸದೆ, ನೋಂದಾಯಿತ ಎಕ್ಸ್‌ಚೇಂಜ್‌ಗೆ ಬೇರೆ ಬೇರೆಯಾಗಿ ಕಳಿಸುವುದು. ಎಕ್ಸ್‌ಚೇಂಜ್‌ಗೆ, ತೆರಿಗೆ ಇಲಾಖೆಗೆ ಎಲ್ಲ ಗೊತ್ತಿರುತ್ತದೆ. ಗಿರಾಕಿಗಳಿಗೆ ಒಬ್ಬರದ್ದು ಒಬ್ಬರಿಗೆ ಅಷ್ಟು ಸಲೀಸಾಗಿ ಸಿಗುವುದಿಲ್ಲ. ಬೇಕಿದ್ದದ್ದು ಅಷ್ಟೇ ತಾನೇ. ಮೊನೆರೋ ಥರದ, ಕಳಿಸಿದವರು, ಪಡೆದವರು, ಮೊತ್ತ ಮೂರನ್ನೂ ತಾನಾಗಿಯೇ ಮುಚ್ಚಿಡುವ ನಾಣ್ಯವೂ ಇದೆ, ಮೊನೆರೋ ಶುರುವಾದದ್ದು 2014ರಲ್ಲಿ. ಆದರೆ ದೊಡ್ಡ ಎಕ್ಸ್‌ಚೇಂಜ್‌ಗಳು ಒಂದೊಂದಾಗಿ ಅದನ್ನು ಕೈಬಿಡುತ್ತಿವೆ, ರೂಪಾಯಿ ಮಾಡಿಕೊಳ್ಳುವುದು ಕಷ್ಟ.

ಅವನಿಗೆ ಇನ್ನೊಂದು ವಿಷಯವನ್ನು ಗಟ್ಟಿಯಾಗಿ ಹೇಳಿದ್ದೆ. ಟೆಲಿಗ್ರಾಂನಲ್ಲಿ ಸಿಕ್ಕ ಅಪರಿಚಿತರಿಗೆ ಯುಎಸ್‌ಡಿಟಿ ಮಾರಿ, ಅವರಿಂದ ನೇರ ಬ್ಯಾಂಕ್ ಖಾತೆಗೆ ದುಡ್ಡು ಹಾಕಿಸಿಕೊಳ್ಳಬೇಡ. ಆ ದುಡ್ಡು ಎಲ್ಲೋ ಮೋಸ ಹೋದ ಮತ್ತೊಬ್ಬರದ್ದಾಗಿರುವ ಅಪಾಯ ಇದೆ. ಅವರು ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಟ್ಟ ಕೂಡಲೇ ಪೊಲೀಸರು ದುಡ್ಡು ಹೋದ ಖಾತೆಗಳನ್ನು ಒಂದೊಂದಾಗಿ ತಡೆಹಿಡಿಸುತ್ತಾರೆ. ಚಿಕ್ಕಮಗಳೂರಿನ ಖಾತೆಗೆ ಬೇರೆ ರಾಜ್ಯದ ಠಾಣೆಯಿಂದ ತಡೆ ಬೀಳುವುದು ಹೀಗೇ. ಹಾಗೆ ಆದರೆ ಯಾವ ಠಾಣೆ, ಯಾವ ದೂರಿನ ಸಂಖ್ಯೆ ಅಂತ ಬ್ಯಾಂಕಿನಿಂದ ಬರಹದಲ್ಲಿ ತೆಗೆದುಕೊಳ್ಳಿ. ಗಿರಾಕಿಗೆ ಕೊಟ್ಟ ಬಿಲ್ಲು, ವರ್ಗಾವಣೆಯ ಹ್ಯಾಶ್ (ಅದರ ಗುರುತಿನ ಸಂಖ್ಯೆ), ಮಾತುಕತೆಯ ಸ್ಕ್ರೀನ್‌ಶಾಟ್ ಸೇರಿಸಿ ಆ ಠಾಣೆಗೆ ಮೇಲ್ ಮಾಡಿ. ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸೆನ್ ಠಾಣೆಯಲ್ಲೂ ವಿಚಾರಿಸಿ. ಕಳೆದುಹೋದ ಕ್ರಿಪ್ಟೋ ವಾಪಸ್ ತಂದುಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಅನ್ನುವವರ ಕರೆ ಬಂದರೆ ಅಲ್ಲೇ ಫೋನ್ ಇಡಿ. ಜಾಡು ಹಿಡಿಯುವುದು ಬೇರೆ, ದುಡ್ಡು ವಾಪಸ್ ತರುವುದು ಬೇರೆ. ಕದ್ದವನ ಕೀಲಿ ಸಿಗಬೇಕು, ಇಲ್ಲವೇ ದುಡ್ಡು ಎಕ್ಸ್‌ಚೇಂಜ್‌ನಲ್ಲೋ ಯುಎಸ್‌ಡಿಟಿ ಹೊರಡಿಸುವ ಟೆದರ್ ಥರದ ಕಂಪನಿ ತಡೆಹಿಡಿಯಬಲ್ಲ ನಾಣ್ಯದಲ್ಲೋ ಇರಬೇಕು. ಅದು ಪೊಲೀಸರು, ಕೋರ್ಟು ಕೇಳಿದಾಗ ಆಗುವ ಕೆಲಸ. ಫೋನಿನಲ್ಲಿ ಶುಲ್ಕ ಕೇಳುವವರಿಂದ ಆಗುವಂಥದ್ದಲ್ಲ.